ಚೀಟಿಯಿಲ್ಲದ ಲಾಂಡ್ರಿ

ನಮ್ಮ ಲಾಂಡ್ರಿಯಲ್ಲಿ ಚೀಟಿ ಕೊಡುವ ಪದ್ಧತಿಯೇ ಇರಲಿಲ್ಲ. ಮುಖ ನೋಡಿದರೆ ಸಾಕು, ಯಾರ ಬಟ್ಟೆ ಯಾವ ಕಪಾಟಿನಲ್ಲಿದೆ, ಯಾವ ಗುಂಡಿ ಸಡಿಲ ಎಂಬುದೆಲ್ಲ ನನ್ನ ನಾಲಿಗೆಯ ತುದಿಯಲ್ಲಿರುತ್ತಿತ್ತು. ಇಪ್ಪತ್ತಾರು ವರ್ಷ ಇದೇ ನನ್ನ ಜಂಬ.

ಐವತ್ತು ದಾಟಿದ ವರ್ಷ ಆ ಜಂಬ ಇಳಿಯಿತು. ಇದ್ದಕ್ಕಿದ್ದಂತೆ ಮೈಯೆಲ್ಲ ಉರಿ. ಇಸ್ತ್ರಿ ಪೆಟ್ಟಿಗೆಯ ಶಾಖವೆಂದುಕೊಂಡು ಪಾಪ ಅದನ್ನೇ ಬೈದೆ. ನಿದ್ದೆ ನೆಟ್ಟಗಿರಲಿಲ್ಲ. ಎದುರಿಗೆ ಗಿರಾಕಿ ನಿಂತರೂ ಬಟ್ಟೆ ಯಾವುದೆಂದು ಹೊಳೆಯುತ್ತಿರಲಿಲ್ಲ. ಕೊನೆಗೊಂದು ದಿನ ಬ್ಯಾಂಡಿನವನ ಕೆಂಪು ಕೋಟನ್ನು ಕಾಗದದಲ್ಲಿ ಸುತ್ತಿ ನಿವೃತ್ತ ಹೆಡ್‌ಮಾಸ್ಟರ ಕೈಗಿಟ್ಟು ಕಳಿಸಿದೆ.

ಅಮ್ಮ ಕೊನೆಗಾಲದಲ್ಲಿ ನನ್ನನ್ನೇ "ಯಾರಮ್ಮ ನೀನು" ಎಂದು ಕೇಳುತ್ತಿದ್ದಳು. ನಾನೂ ಅದೇ ದಾರಿ ಹಿಡಿದೆನೆಂದು ಜೀವ ಬಾಯಿಗೆ ಬಂತು. ಹೆದರಿದಷ್ಟೂ ಮರೆವು ಹೆಚ್ಚಾಯಿತು.

"ಅಂಗಡಿ ಮುಚ್ಚಿದೆ ಅಂತ ಒಂದು ಬೋರ್ಡ್ ಬರೀರಿ," ಎಂದೆ ನಮ್ಮವರಿಗೆ.

"ಬರೀತೀನಿ. ಬಣ್ಣ ಒಣಗೋದ್ರೊಳಗೆ ಡಾಕ್ಟರ ಹತ್ರ ಹೋಗಿ ಬಾ," ಅಂದರು.

ಡಾಕ್ಟರಮ್ಮ ನಮ್ಮ ಹಳೆಯ ಗಿರಾಕಿ. ಏನೇನೋ ಪ್ರಶ್ನೆ ಕೇಳಿ, ಪರೀಕ್ಷೆ ಮಾಡಿ, ಕೊನೆಗೆ, "ಅಮ್ಮಂಗೆ ಮರೆವು ಶುರುವಾದಾಗ ಎಷ್ಟು ವಯಸ್ಸು?" ಎಂದರು.

"ಎಪ್ಪತ್ತೆಂಟು."

"ನಿಮ್ಮದು ಬೇರೆ ಕಥೆ. ಇದು ಮುಟ್ಟು ನಿಲ್ಲೋ ಕಾಲ. ಈಸ್ಟ್ರೋಜನ್ ಅನ್ನೋ ಹಾರ್ಮೋನು ಒಂದಿನ ಏರುತ್ತೆ, ಒಂದಿನ ಇಳಿಯುತ್ತೆ. ಮಿದುಳಲ್ಲಿ ನೆನಪು ನೋಡ್ಕೊಳ್ಳೋ ಜಾಗಕ್ಕೂ ಅದು ಬೇಕು. ಅದರ ಮೇಲೆ ನಿದ್ದೆ ಇಲ್ಲ, ಹೆದರಿಕೆ ಬೇರೆ. ಉರಿಗೂ ನಿದ್ದೆಗೂ ಚಿಕಿತ್ಸೆ ಇದೆ. ಬಹಳ ಜನಕ್ಕೆ ಮರೆವು ನಿಧಾನಕ್ಕೆ ಸರಿಹೋಗುತ್ತೆ."

"ಸುಮ್ನೆ ಸಮಾಧಾನಕ್ಕೆ ಹೇಳ್ತಿಲ್ಲ ತಾನೇ?"

"ನನಗೂ ಐವತ್ತು ದಾಟಿದೆ ಕಣ್ರೀ. ನನ್ನ ಬಿಳಿ ಕೋಟು ಎಲ್ಲಿಟ್ಟೆ ಅಂತ ಎರಡು ವಾರದಿಂದ ಮನೆಯೆಲ್ಲ ಹುಡುಕ್ತಿದ್ದೀನಿ."

"ನಮ್ಮ ಅಂಗಡೀಲಿದೆಯಲ್ಲ. ಮೂರನೇ ಕಪಾಟು, ಮೇಲಿನ ಸಾಲು. ಎಡಗಡೆ ಜೇಬಲ್ಲಿ ಶಾಯಿ ಕಲೆ ಇತ್ತು, ತೆಗೆದೆ. ಎರಡನೇ ಗುಂಡಿ ಹೊಲಿದಿದ್ದೀನಿ."

ಮಾತು ತಾನಾಗಿ ಬಂದಿತ್ತು. ಇಬ್ಬರೂ ಮುಖ ಮುಖ ನೋಡಿಕೊಂಡೆವು. ಆಮೇಲೆ ನಕ್ಕ ನಗೆಗೆ ನರ್ಸ್ ಬಾಗಿಲಲ್ಲಿ ಇಣುಕಿ ಹೋದಳು. ಅಮ್ಮನ ಎಪ್ಪತ್ತೆಂಟು ಇನ್ನೂ ಬಹಳ ದೂರವಿದೆ ಎಂದುಕೊಳ್ಳುತ್ತ ದಾರಿಯುದ್ದಕ್ಕೂ ನನಗೆ ಖುಷಿಯೋ ಖುಷಿ.

ಅಂಗಡಿಯಲ್ಲಿ ಹೆಡ್‌ಮಾಸ್ಟರು ಕೆಂಪು ಕೋಟು ತೊಟ್ಟು, ಚಿನ್ನದ ಬಣ್ಣದ ಗುಂಡಿಗಳನ್ನೆಲ್ಲ ಹಾಕಿಕೊಂಡು ನಿಂತಿದ್ದರು.

"ಇದು ನಂದಲ್ಲ, ಗೊತ್ತು. ಆದ್ರೆ ಮೊಮ್ಮಗಳು ನನ್ನನ್ನ ರಾಜ ಅಂತಾಳೆ," ಎಂದು ತಲೆ ತಗ್ಗಿಸಿದರು.

"ಬ್ಯಾಂಡಿನವನು ಸಂಜೆ ಬರ್ತಾನೆ. ಅಲ್ಲೀತನಕ ರಾಜರಾಗೇ ಇರಿ ಮೇಷ್ಟ್ರೇ. ನಿಮ್ಮ ಬೂದು ಕೋಟು ಇಲ್ಲಿದೆ, ಒಳಜೇಬಲ್ಲಿ ಕನ್ನಡಕ ಬಿಟ್ಟಿದ್ರಿ."

ನಮ್ಮವರು ಬರೆದಿಟ್ಟಿದ್ದ ಬೋರ್ಡಿನ ಬಣ್ಣ ಇನ್ನೂ ಹಸಿಯಾಗಿತ್ತು. ಅದನ್ನು ಕೈಗೆತ್ತಿಕೊಂಡು ಹಿಂಬದಿಯಲ್ಲಿ ನಾನೇ ಬರೆದೆ: "ಇಂದಿನಿಂದ ಚೀಟಿ ಕೊಡಲಾಗುವುದು."

ಈಗಲೂ ಮೊದಲು ಮುಖ ನೋಡುತ್ತೇನೆ. ಚೀಟಿ ಆಮೇಲೆ.