ಅಪ್ಪನಿಗೆ ಕಾಣದ ಪಾಟಿ

ಪರೀಕ್ಷೆಯ ಕೋಣೆಯ ಕಿಟಕಿ, ಸರಳುಗಳ ನಡುವೆ ಆ ಕುತ್ತಿಗೆ ಮತ್ತೆ ಈ ಕಡೆಗೆ ತಿರುಗಿತು, ಎಣ್ಣೆ ಹಚ್ಚಿ ಬಾಚಿದ ತಲೆ, ಬೆಳಿಗ್ಗೆ ನಾನೇ ಬಾಚಿದ್ದು, ಹಣೆಯ ವಿಭೂತಿ ಬೆವರಿಗೆ ಕರಗಿ ಹುಬ್ಬಿಗೆ ಇಳಿದಿದೆ — ಮುಂದೆ ನೋಡು ಕುಬೇರ, ಇಲ್ಲಿ ಏನಿದೆ, ಒಂದು ಬೇವಿನ ಗಿಡ, ಗಿಡದ ಕೆಳಗೆ ಕಣ್ಣು ಹೋದ ನಿನ್ನ ಅಜ್ಜ, ಪಕ್ಕದಲ್ಲಿ ನಿನ್ನ ಅತ್ತಿ ನಾನು, ನಡುವೆ ಬುತ್ತಿಯ ಗಂಟು — ಹುಡುಗ ಏನ್ ಮಾಡಾಕತ್ತಾನ, ಅಪ್ಪ ಕೇಳುತ್ತಾನೆ, ಇದು ಐದನೆಯ ಸಲ, ಬರ್ಯಾಕತ್ತಾನ ಯಪ್ಪಾ, ತಲಿ ಎತ್ತಿಲ್ಲ, ಎಂದು ನಾನೂ ಐದನೆಯ ಸಲ ಹೇಳುತ್ತೇನೆ, ಅಪ್ಪನ ಮುಖ ಅರಳುತ್ತದೆ, ಅರಳಲಿ, ಇನ್ನೊಂದು ತಾಸು ಅರಳಲಿ. ನೀರು ತಂದುಕೊಟ್ಟ ಜವಾನ ಬಾಬಾಸಾಬನಿಗೂ ಹೇಳಿ ಆಯಿತು, ನನ್ನ ಮೊಮ್ಮಗ, ಎಕ್ಸ್‌ಟರ್ನಲ್ ಕುಂತಾನ, ಸಾಲಿ ಬಿಡಿಸಿ ಎರಡು ವರ್ಷ ಮನ್ಯಾಗ ನಾನ ಕಲಿಸೀನಿ, ಎಸ್ಸೆಸ್ಸೆಲ್ಸಿ ಮುಗೀತಂದ್ರ ಧಾರವಾಡದಾಗ ಕಾಲೇಜು, ಆಮ್ಯಾಲೆ ಮಾಮಲೇದಾರ, ಬರದಿಟ್ಕೋ. ಹೌದ್ರಿ ಮಾಸ್ತರ, ಅಂದ ಬಾಬಾಸಾಬ, ಚರಿಗೆ ತೆಗೆದುಕೊಂಡು ಹೋದ. ನಮ್ಮೂರು ಸಂಶಿಯ ಶಾಲೆಯಲ್ಲಿ ಕುಬೇರ ಎಂಟನೇ ಇಯತ್ತೆ ನಪಾಸಾದಾಗ ಅಪ್ಪ ಊರೆಲ್ಲ ಕೇಳುವಂತೆ ಕೂಗಾಡಿದ್ದ, ಅಲ್ಲಿ ಕಲಸಾವ್ರೆಲ್ಲ ನನ್ನ ಕೈಯಾಗ ಮೊಳಕಾಲೂರಿದ ದಡ್ಡರು, ಈರಬಸಪ್ಪ ಮಾಸ್ತರನ ಮೊಮ್ಮಗನ್ನ ನಪಾಸ್ ಮಾಡ್ತಾರಂದ್ರ, ಇನ್ನ ಆ ಕಟ್ಟಿ ಏರಬ್ಯಾಡ ಮಗನ, ನಾ ಅದೀನಿ. ಅದೀನಿ ಅಂದನಲ್ಲ, ಕಣ್ಣೆಲ್ಲಿತ್ತು ಅವನಿಗೆ, ನರ ಸತ್ತಾವು ಎಂದು ಹುಬ್ಬಳ್ಳಿಯ ಡಾಕ್ಟರು ಕೈಯೆತ್ತಿ ಆಗಲೇ ಮೂರು ವರ್ಷ. ರೇವವ್ವಾ, ನೀ ಓದು, ನಾ ತಿಳಿಸಿ ಹೇಳ್ತೀನಿ. ಓದಿದೆ, ಎರಡು ವರ್ಷ ಗಟ್ಟಿಯಾಗಿ ಓದಿದೆ, ಹೃದಯದ ಪಾಠ ಓದಿದೆ, ಪಾಣಿಪತ್ತು ಓದಿದೆ, ತ್ರಿಕೋನಗಳನ್ನು ಓದಿದೆ, ಒಂದಕ್ಷರ ತಪ್ಪಿದರೆ ಅಪ್ಪನ ಛಡಿ ದನಿ ಬಂದ ದಿಕ್ಕಿಗೆ ಬೀಸಿ ಬರುತ್ತಿತ್ತು, ಮಣಿಕಟ್ಟಿನ ಮೇಲೆ ಇನ್ನೂ ಬಾಸುಂಡೆ ಇದೆ. ನಾಲ್ಕನೇ ಇಯತ್ತೆಯವರೆಗೆ ಕಲಿತವಳು ನಾನು, ನಾಲ್ಕರಲ್ಲೂ ಮೊದಲನೆಯವಳು, ಅಪ್ಪನದೇ ಶಾಲೆ, ಅಪ್ಪನದೇ ಹಾಜರಿ ಪುಸ್ತಕ, ಸಾಕು ಇನ್ನ, ಎಂದು ನನ್ನ ಹೆಸರಿನ ಮೇಲೆ ಗೀಟು ಎಳೆದದ್ದೂ ಅಪ್ಪನದೇ ಕೈ, ಕೆಂಪು ಶಾಯಿ, ಅಡಿಪಟ್ಟಿ ಹಿಡಿದು ನೆಟ್ಟಗೆ ಎಳೆದಿದ್ದ. ಆಮೇಲೆ ತಿರ್ಲಾಪುರಕ್ಕೆ ಕೊಟ್ಟರು, ಮೂರು ವರ್ಷಕ್ಕೆ ಗಂಡ ಸತ್ತ, ತಿರುಗಿ ಬಂದೆ, ರೊಟ್ಟಿ ಬಡಿದೆ.

ಮೊದಲ ಸಲ ಪಾಟಿ ಹಿಡಿದದ್ದು ಮರುಕದಿಂದಲೇ, ಸುಳ್ಳಲ್ಲ, ಕುಬೇರ ಉತ್ತರ ಬಾರದೆ ನಿಂತಿದ್ದ, ಛಡಿ ಗಾಳಿಯಲ್ಲಿ ಅವನನ್ನು ಹುಡುಕುತ್ತಿತ್ತು, ನಾನು ಬಳಪ ತೆಗೆದುಕೊಂಡು ಬರೆದು ಎದೆಯ ಹತ್ತಿರ ಹಿಡಿದೆ, ಹುಡುಗ ನೋಡಿದ, ಓದಿದ, ಶಾಬ್ಬಾಸ್ ಅಂದ ಅಪ್ಪ. ಅಷ್ಟು ಸುಲಭ. ಮರುದಿನವೂ ಹಿಡಿದೆ. ತಿಂಗಳಾಗುವಷ್ಟರಲ್ಲಿ ಹುಡುಗ ಪುಸ್ತಕ ತೆರೆಯುವುದನ್ನೇ ಬಿಟ್ಟ, ಪ್ರಶ್ನೆ ಬಿದ್ದ ಕೂಡಲೇ ಕುತ್ತಿಗೆ ನನ್ನ ಕಡೆಗೆ, ಬರಿ ಎಂದರೆ ಪಾಟಿ ನೋಡಿ ಬರೆದ, ಅಪ್ಪನಿಗೆ ಪೆನ್ನಿನ ಟಾಕಿನ ಸದ್ದು ಕೇಳಿದರೆ ಸಾಕಿತ್ತು, ಬರ್ಯಾಕತ್ತಾನ, ಬರ್ಯಾಕತ್ತಾನ, ಎಂದು ತಲೆದೂಗುತ್ತಿದ್ದ. ಹೃದಯದ ಕವಾಟ ಅಂದ್ರ ಏನಲೇ ಎಂದು ಕೇಳಿದ ದಿನ ಪುಸ್ತಕದ ಮಾತು ಬೇಜಾರಾಗಿ ನನ್ನದೇ ಒಂದು ಬರೆದೆ, ನಮ್ಮ ದನದ ಮನೆಯ ಬಾಗಿಲಿನ ಹಾಗೆ, ಒಳಗೆ ದೂಡಿದರೆ ತೆರೆಯುತ್ತದೆ, ಹೊರಗೆ ದೂಡಿದರೆ ಮುಚ್ಚಿಕೊಳ್ಳುತ್ತದೆ. ಕುಬೇರ ತಡವರಿಸುತ್ತ ಓದಿದ. ಅಪ್ಪನ ಕುರುಡು ಕಣ್ಣಲ್ಲಿ ನೀರು ಬಂತು, ಪುಸ್ತಕದಾಗ ಇಲ್ಲದ್ದನ್ನ ಹೇಳ್ತಾನ, ಸ್ವಂತ ತಲಿ, ಎಂದು ಓಣಿಯಲ್ಲಿ ಹೋಗುವವರನ್ನೆಲ್ಲ ಕರೆದು ಕರೆದು ಹೇಳಿದ, ನಾನು ಒಳಗೆ ಹಿಟ್ಟು ನಾದುತ್ತಿದ್ದೆ, ಕೈ ನಿಂತಿತು, ಹೊಟ್ಟೆ ಉರಿಯಿತು, ಸುಖವೂ ಆಯಿತು. ಆಮೇಲೆ ಪರೀಕ್ಷೆಯ ಫಾರ್ಮು. ಕೆಟ್ಟರೆ ಇನ್ನೊಂದು ಇರಲಿ ಎಂದು ಅಪ್ಪ ಎರಡು ತರಿಸಿದ್ದ, ನಾನೇ ತುಂಬಿದೆ, ಹುಡುಗನ ಹೆಸರು, ಹುಟ್ಟಿದ ತಾರೀಖು, ಒಂದೂ ಕೆಡಲಿಲ್ಲ, ಇನ್ನೊಂದು ಖಾಲಿ ಉಳಿಯಿತು. ಯಪ್ಪಾ, ಒಂದು ಫಾರ್ಮು ಉಳದೈತಿ, ನಾನೂ ತುಂಬ್ಲೇನು. ಅಪ್ಪ ನಕ್ಕ, ಕೆಮ್ಮು ಬರುವವರೆಗೆ ನಕ್ಕ, ನೀ ಪಾಸಾಗಿ ಯಾವ ಕಚೇರಿ ಕುರ್ಚಿ ಮುರೀಬೇಕಾಗೇತಿ ಬೇ, ಒಲಿ ಮ್ಯಾಲ ಹಂಚು ಕಾದೈತಿ, ಹೋಗು. ಹೋದೆ. ಮರುದಿನ ಆ ಫಾರ್ಮಿನಿಂದಲೇ ಒಲೆ ಹೊತ್ತಿಸಿದೆ, ದಪ್ಪ ಕಾಗದ, ಬೇಗ ಹತ್ತಲಿಲ್ಲ. ಅಂದಿನಿಂದ ಮರುಕವಿಲ್ಲ, ಅಂದಿನಿಂದ ಬೇಕೆಂತಲೇ ಹಿಡಿದೆ, ದಿನಾ ಹಿಡಿದೆ, ದೊಡ್ಡ ಅಕ್ಷರದಲ್ಲಿ ಹಿಡಿದೆ. ಹೋದ ತಿಂಗಳು ಹುಡುಗ ಹಿತ್ತಿಲಿಗೆ ಬಂದು ನಿಂತ, ಮೀಸೆ ಚಿಗುರಿದೆ, ಆದರೂ ಅಳುವ ಮುಖ, ಅತ್ತಿ, ನನಗ ಏನೂ ಬರಂಗಿಲ್ಲ, ಖರೇನ ಕಲಸು ಅತ್ತಿ, ಒಂದು ತಿಂಗಳು ಐತಿ. ಕಲಿಸಬಹುದಿತ್ತು. ಹುಡುಗ ದಡ್ಡನಲ್ಲ, ಕೂಡಿಸಿಕೊಂಡು ಹೇಳಿದ್ದರೆ ಮೂವತ್ತೈದು ಮಾರ್ಕು ಎಲ್ಲಿಗೂ ಹೋಗುತ್ತಿರಲಿಲ್ಲ. ಅಂಜಬ್ಯಾಡೋ, ನಾ ಇದ್ದೀನಲ್ಲ, ಅಂದೆ, ತಲೆ ಸವರಿದೆ, ನಂಬಿದ.

ಮತ್ತೆ ತಿರುಗಿದ. ಮೇಲ್ವಿಚಾರಕ ಹತ್ತಿರ ಬಂದು ಏನೋ ಗದರಿದ, ಕುಬೇರ ಖಾಲಿ ಹಾಳೆಯ ಮೇಲೆ ಬಗ್ಗಿದ, ಖಾಲಿ ಎಂದು ಇಲ್ಲಿಂದಲೇ ಗೊತ್ತಾಗುತ್ತದೆ, ನನ್ನ ಪುಣ್ಯ, ನನಗೆ ಕಣ್ಣಿದೆ. ಬರೆದು ಮುಗಿಸಿ ಒಬ್ಬಳು ಹೊರಗೆ ಬಂದಳು, ಬುರ್ಖಾದ ಮುಖದ ಪರದೆ ಹಿಂದಕ್ಕೆ ಎಸೆದುಕೊಂಡು, ಬೆರಳಿಗೆಲ್ಲ ಶಾಯಿ, ನನ್ನ ವಯಸ್ಸಿನವಳು, ನೆರಳಿಗೆ ಬಂದು ಕುಳಿತಳು. ನಾನೂ ಎಕ್ಸ್‌ಟರ್ನಲ್ರಿ ಅಕ್ಕಾರ, ಶಮೀಮಾಬಿ ಅಂತ, ಅಣ್ಣಿಗೇರಿಯಾಗ ನೇಕಾರ್ರು ನಾವು, ಪಾಸಾದ್ರ ನರ್ಸ್ ಟ್ರೇನಿಂಗಿಗೆ ಹೋಗಾಕಿ. ಫಾರ್ಮು ಯಾರು ತುಂಬಿಸಿದ್ರು, ಎಂದು ಕೇಳಿಬಿಟ್ಟೆ, ಯಾಕೆ ಕೇಳಿದೆ. ಅಬ್ಬಾ ತುಂಬಿಸಿದ್ರು, ಅಂದಳು, ಬೇರೆ ಯಾರು ತುಂಬಿಸುತ್ತಾರೆ ಎನ್ನುವ ಹಾಗೆ. ಮಗ್ಗದ ಮುಂದೆ ಕೂತ ಯಾವನೋ ಮುದುಕ, ಹೆಬ್ಬೆಟ್ಟು ಒತ್ತುವವನೇ ಇರಬಹುದು. ಪ್ರಶ್ನೆಪತ್ರಿಕಿ ಐತೇನವಾ, ಓದು ರೇವೀ, ಓದು, ಅಪ್ಪನಿಗೆ ತಡೆಯಲಾಗಲಿಲ್ಲ, ಹುಡುಗ ಏನೇನ್ ಬರದಿರ್ತಾನ ನೋಡೂಣು. ಓದಿದೆ. ಶಮೀಮಾಬಿ ಕೊಟ್ಟ ಪತ್ರಿಕೆಯಲ್ಲಿ ಒಂದನೆಯ ಪ್ರಶ್ನೆ, ಮನುಷ್ಯನ ಹೃದಯದ ರಚನೆ. ಅಪ್ಪ ಗಂಟಲು ಸರಿಮಾಡಿಕೊಂಡ, ಅವನ ಬಾಯಿ ತೆರೆಯುವ ಮೊದಲೇ ನನ್ನದು ತೆರೆದಿತ್ತು, ನಾಲ್ಕು ಕೋಣೆ, ಮೇಲೆ ಎರಡು ಹೃತ್ಕರ್ಣ, ಕೆಳಗೆ ಎರಡು ಹೃತ್ಕುಕ್ಷಿ, ನಿಲ್ಲಲಿಲ್ಲ ನಾನು, ಶುದ್ಧ ರಕ್ತ ಈ ಕಡೆ, ಅಶುದ್ಧ ಆ ಕಡೆ, ನಡುವೆ ಕವಾಟ, ದನದ ಮನೆಯ ಬಾಗಿಲಿನ ಹಾಗೆ — ಶಮೀಮಾಬಿ ಬಾಯಿ ತೆರೆದು ನೋಡುತ್ತಿದ್ದಾಳೆ, ನೀವ್ಯಾಕ ಕುಂದರ್ಲಿಲ್ರಿ ಅಕ್ಕಾರ — ಎರಡನೆಯ ಪ್ರಶ್ನೆ, ಮೂರನೆಯದು, ನನ್ನ ದನಿ ನನಗೇ ಹೊಸದು, ಛಡಿ ಎಲ್ಲಿಂದಲೂ ಬರಲಿಲ್ಲ. ಆ ಬಾಗಲದ ಮಾತು ಕುಬ್ಯಾಂದು, ಅಪ್ಪ ಮೆಲ್ಲಗೆ ಅಂದ, ಅಂವ ಹೇಳಿದ್ದದು. ಅಲ್ಲ ಯಪ್ಪಾ, ನಂದು. ಅಂವ ಎರಡು ವರ್ಷ ಹೇಳಿದ್ದೆಲ್ಲ ನಂದ, ಪಾಟಿ ಮ್ಯಾಲ ಬರದು ಹಿಡೀತಿದ್ದೆ, ನಿನಗ ಕಾಣ್ತಿದ್ದಿಲ್ಲ. ಅಪ್ಪನ ಕೈ ಛಡಿಯನ್ನು ಹುಡುಕಲಿಲ್ಲ, ಬುತ್ತಿಯ ಗಂಟಿನ ಮೇಲೆ ಹಾಗೇ ಬಿದ್ದಿತ್ತು, ಇಷ್ಟಕ್ಕಾಗಿ ಕಾದಿದ್ದೆನಲ್ಲ, ಈ ಮುಖ ನೋಡುವುದಕ್ಕಾಗಿ, ನೋಡಿದೆ, ಹೊಟ್ಟೆ ತಣ್ಣಗಾಯಿತು, ಒಂದು ಕ್ಷಣ ಖರೇನೇ ತಣ್ಣಗಾಯಿತು. ಹಂಗಾದ್ರ ಹುಡುಗ ಒಳಗ ಏನ್ ಮಾಡಾಕತ್ತಾನ ರೇವವ್ವಾ, ಇದು ಆರನೆಯ ಸಲ, ದನಿ ಬೇರೆ, ನನ್ನನ್ನು ಎಂದೂ ಹಾಗೆ ಕೇಳಿರಲಿಲ್ಲ ಅಪ್ಪ, ಸುಳ್ಳು ಹೇಳು ಎಂದು ಬೇಡುವ ಹಾಗೆ. ನನ್ನ ಕೈ ನೋಡಾಕತ್ತಾನ ಯಪ್ಪಾ. ಕೈಯಲ್ಲಿ ಪಾಟಿ ಇಲ್ಲ, ಪಾಟಿ ಸಂಶಿಯಲ್ಲಿ, ಒಲೆಯ ಹಿಂದಿನ ಗೋಡೆಯ ಮಾಡದಲ್ಲಿ, ನಾ ಇದ್ದೀನಲ್ಲ ಅಂದಿದ್ದೆ, ಇದ್ದೇನೆ, ಇಲ್ಲೇ ಇದ್ದೇನೆ, ಕೈ ಎರಡೂ ಖಾಲಿ, ಅವನು ನನ್ನ ಮುಖ ನೋಡುತ್ತಿಲ್ಲ, ಎದೆಯ ಹತ್ತಿರ, ಪಾಟಿ ಹಿಡಿಯುವ ಜಾಗವನ್ನು ನೋಡುತ್ತಿದ್ದಾನೆ, ಗದರಿದರೂ ತಿರುಗುತ್ತಾನೆ, ಸರಳುಗಳ ನಡುವೆ ಆ ಕುತ್ತಿಗೆ, ಮತ್ತೆ ತಿರುಗಿದ, ಆ ಕುತ್ತಿಗೆ —