ಸಾಯ್ಜೊದ ಐದನೇ ಬಾರು

ಮಧ್ಯಾಹ್ನ ಡೊಂಬಿವಲಿಯ ನಮ್ಮ ಒಂದೇ ಕೋಣೆಯಲ್ಲಿ ಅಮ್ಮ ಚೀಲ ತುಂಬುತ್ತಿದ್ದರು. ನಾಳೆ ಥಾಣೆಯಿಂದ ಊರಿಗೆ ರೈಲು. ಅಣ್ಣ ಕೀರ್ತನ್ ಕುಡಿತ ಬಿಟ್ಟು ಎರಡು ವರ್ಷ ತುಂಬಿತೆಂದು ಮನೆ ದೈವಕ್ಕೆ ಹರಕೆಯ ತಂಬಿಲ ಸೇವೆ ಒಪ್ಪಿಸಬೇಕಿತ್ತು. ಅಡುಗೆ ಕೆಲಸಕ್ಕೆ ಜಪಾನಿಗೆ ಹೊರಡುವ ಮೊದಲು ಅವನು ಅದೇ ದೈವದ ಎದುರು ಆಣೆ ಹಾಕಿದ್ದ. ಅಪ್ಪ ಕಲ್ಯಾಣದ ಒಂದು ಬಾರಿನಲ್ಲಿ ವೇಟರ್ ಆಗಿದ್ದವರು, ಕುಡಿದು ಕುಡಿದೇ ತೀರಿಕೊಂಡರು.

ಅಣ್ಣ ಇರುವ ಸಾಯ್ಜೊ, ಅಕ್ಕಿಯಿಂದ ಸಾಕೆ ಎಂಬ ಮದ್ಯ ತಯಾರಿಸುವ ಪೇಟೆ. ಅದನ್ನು ಅಮ್ಮನಿಗೆ ನಾವಿಬ್ಬರೂ ಹೇಳಿರಲಿಲ್ಲ. ನಾನು ಆ ಪೇಟೆಯ ವಿಡಿಯೊಗಳನ್ನು ನೋಡುತ್ತಿರುತ್ತೇನೆ. ಏಳನೇ ಕ್ಲಾಸಿಗೆ ಶಾಲೆ ಬಿಟ್ಟವಳಿಗೆ ದೇಶ ನೋಡಲು ಬೇರೆ ದಾರಿಯಿಲ್ಲ.

ಅಂದು ನೋಡುತ್ತಿದ್ದ ವಿಡಿಯೊದಲ್ಲಿ ಅಭಿಜಿತ್ ಎಂಬ ಪುಣೆಯವನು ಅಲ್ಲಿ ಬಾರಿನಿಂದ ಬಾರಿಗೆ ತಿರುಗುತ್ತಿದ್ದ. ಬಿಳಿ ಗೋಡೆ, ಇಟ್ಟಿಗೆಯ ಚಿಮಣಿ, ಕಿರಿದಾದ ಗಲ್ಲಿ. “ಇದು ಐದನೆಯದು. ನನ್ನ ಹೆಂಡತಿ ಕೇಳಿದರೆ ಎರಡು ಅನ್ನಿ!” ಎಂದು ನಗುತ್ತ ಒಳಹೊಕ್ಕ. ಅಲ್ಲಿ ಗ್ಲಾಸನ್ನು ಮರದ ಚೌಕ ಪೆಟ್ಟಿಗೆಯೊಳಗಿಟ್ಟು, ತುಂಬಿ ಚೆಲ್ಲುವವರೆಗೆ ಸುರಿಯುತ್ತಾರೆ. ಮೊದಲ ಗುಟುಕನ್ನು ಬಗ್ಗಿಯೇ ಹೀರಬೇಕು. ಅಭಿಜಿತ್ ಬಗ್ಗಿದ. ಅವನ ಹಿಂದೆ, ಮೂಲೆಯ ಸ್ಟೂಲಿನಲ್ಲಿ, ಅಣ್ಣನೂ ಬಗ್ಗಿದ.

ನಾನು ಫೋನ್ ಮಗುಚುವಷ್ಟರಲ್ಲಿ ಅಮ್ಮ ನೋಡಿಯಾಗಿತ್ತು.

“ಅದು ಕೀರ್ತನ್ ಅಲ್ವಾ?”

“ನೀರಮ್ಮಾ ಅದು, ಅವನು ಕುಡಿಯೋದು.”

“ಬಾರಿನವನ ಹೆಂಡತಿಗೆ ನೀರು ತೋರಿಸ್ಬೇಡ ಮಾರಾಯ್ತಿ. ವಿಡಿಯೊ ಹಿಂದೆ ಮಾಡು.”

ಮಾಡಿದೆ. “ಅಲ್ಲಿ ಎಲ್ಲರೂ ಹಾಗೇ ಬಗ್ಗೋದು. ತುಂಬಿರ್ತದಲ್ಲ, ಎತ್ತಿದ್ರೆ ಚೆಲ್ತದೆ. ಯಾರೋ ಗೆಳೆಯರು ಒಂದು ದಿನ ಕರೆದಿರ್ಬಹುದು.”

“ಈ ಮನುಷ್ಯ ಎರಡನೇ ಗುಟುಕಿಗೆ ಗ್ಲಾಸು ಎತ್ತಿದ,” ಅಮ್ಮ ಅಭಿಜಿತ್‌ನ ಮೇಲೆ ಬೆರಳಿಟ್ಟರು. “ಈಗ ನಮ್ಮವನನ್ನು ನೋಡು.”

ಅಣ್ಣನ ಗ್ಲಾಸು ಅರ್ಧವಾಗಿತ್ತು. ಆಗಲೂ ಬಗ್ಗಿಯೇ ಕುಡಿಯುತ್ತಿದ್ದ. ಎರಡೂ ಕೈಗಳನ್ನು ತೊಡೆಯಡಿ ಒತ್ತಿಟ್ಟುಕೊಂಡಿದ್ದ.

“ನಿನ್ನ ಅಪ್ಪನೂ ಕೊನೆಕೊನೆಗೆ ಹೀಗೇ. ಕೈ ನಿಲ್ತಿರ್ಲಿಲ್ಲ.”

ಅಮ್ಮ ನನ್ನಿಂದ ವಿಡಿಯೊ ಕಾಲ್ ಮಾಡಿಸಿದರು. ಅಣ್ಣ ಅದನ್ನು ಕಟ್ ಮಾಡಿ, ಬರೀ ಫೋನ್ ಮಾಡಿದ.

“ನೆಟ್ ಸರಿಯಿಲ್ಲಮ್ಮ. ನಾಳೆ ಹೊರಡುದಲ್ವಾ?”

“ಹರಕೆ ಒಪ್ಪಿಸ್ಲಾ ಮಗಾ? ದೈವದ ಎದುರು ನನ್ನ ಬಾಯಲ್ಲಿ ಸುಳ್ಳು ಬರಬಾರ್ದು. ವಿಡಿಯೊ ಹಾಕು. ಮುಖ ಬೇಡ, ಕೈ ತೋರಿಸು.”

ಅಣ್ಣ ವಿಡಿಯೊ ಹಾಕಲಿಲ್ಲ. ಫೋನೂ ಇಡಲಿಲ್ಲ. ಅಮ್ಮ ಫೋನನ್ನು ಕಿವಿಗೆ ಒತ್ತಿಕೊಂಡು ನೆಲದ ಮೇಲೆ ಕೂತರು.