ದೊರೆಗೆ ಕೊಟ್ಟ ಚಪ್ಪಲಿ

೧.
ಈ ಕಥೆಯನ್ನು ಎಲ್ಲಿಂದ ಶುರುಮಾಡಲಿ? ಥಿಯೇಟರಿನಿಂದ ಮಾಡಿದರೆ ನೀವೂ ಶಿಳ್ಳೆ ಹೊಡೆಯುತ್ತೀರಿ. ಹೆಣದಿಂದ ಮಾಡಿದರೆ ಪುಟ ಮಗುಚುತ್ತೀರಿ. ಹಾಳಾಗಲಿ, ಚಪ್ಪಲಿಯಿಂದಲೇ ಮಾಡೋಣ.

ಅಕ್ಕ ಆಸ್ಪತ್ರೆಯಲ್ಲಿ ನರ್ಸ್, ಬೆಳಿಗ್ಗೆ ಆರರ ಪಾಳಿಗೆ ಓಡುವವಳು. ಅವಳ ಮಗಳು ಅಮ್ಮನ ಚಪ್ಪಲಿಯನ್ನು ಬಾಗಿಲ ಬಳಿ ಹೊರಮುಖವಾಗಿ ತಿರುಗಿಸಿಡುತ್ತಿದ್ದಳು. ಕಾಲು ತೂರಿಸಿದರೆ ಸಾಕು, ಹೊರಡಬಹುದು. ಹತ್ತೊಂಬತ್ತನೇ ವಯಸ್ಸಿಗೆ ಆ ಹುಡುಗಿ ಮಾದಕ ಪುಡಿಯ ಚಟಕ್ಕೆ ಬಿದ್ದು ಸತ್ತಳು.

೨. (ಹರಿದು, ಮತ್ತೆ ಅಂಟಿಸಿದ ಡ್ರಾಫ್ಟ್)
ಅಕ್ಕನ ತಮ್ಮ ಚಿತ್ರಕಥೆಗಾರ. ಎರಡು ವರ್ಷ ಕಳೆದ ಮೇಲೆ ಅವನು ಪುಡಿ ಸಾಗಿಸುವವನೊಬ್ಬನ ಸಿನಿಮಾ ಬರೆದ. ಹೀರೋ ಹೆಸರು ದೊರೆ. "ಜನಕ್ಕೆ ದೊರೆ ಮೇಲೆ ಪ್ರೀತಿ ಹುಟ್ಬೇಕು, ಏನಾದ್ರೂ ಹಾಕ್ರೀ" ಎಂದ ನಿರ್ದೇಶಕ. ತಮ್ಮ ಹಾಕಿದ. ದೊರೆ ಸರಕು ಸಾಗಿಸಲು ಹೊರಡುವ ಮುನ್ನ ದಿನಾ ತಾಯಿಯ ಚಪ್ಪಲಿ ತಿರುಗಿಸಿಡುತ್ತಾನೆ. ಗುಂಡೇಟಿಗೆ ಅವನು ಸತ್ತ ಮರುದಿನ ಚಪ್ಪಲಿ ತಿರುಗಿರುವುದಿಲ್ಲ. ಥಿಯೇಟರಿಗೆ ಥಿಯೇಟರೇ ಅತ್ತಿತು.

ದೊರೆಯ ಪುಡಿ ಕೊಂಡವರು? ಇದ್ದಾರಲ್ಲ, ಒಂದು ಶಾಟ್. ಹುಡುಗಿಯೊಬ್ಬಳ ಪಾದ, ಎರಡು ಸೆಕೆಂಡ್.

(ಬರೆಯುವಾಗ ತಮ್ಮನಿಗೆ ಇದು ಅಕ್ಕನ ಮಗಳದ್ದೆಂದು ಹೊಳೆಯಲಿಲ್ಲವೇ ಎನ್ನುತ್ತೀರಿ. ಹೊಳೆಯಿತು. ಕಣ್ಣಲ್ಲಿ ನೀರೂ ಬಂತು. ಹಾಗಾದರೆ ಸೀನ್ ಚೆನ್ನಾಗಿದೆ ಎಂದುಕೊಂಡ.)

೩.
ಇಷ್ಟು ಬರೆಯುವಷ್ಟರಲ್ಲಿ ದೊರೆಯೇ ಜಗಳಕ್ಕೆ ಬಂದ. "ಅಣ್ಣಾ, ನನ್ನನ್ಯಾಕೆ ಬೈತೀರಾ? ಚಪ್ಪಲಿ ಕೊಡಿ ಅಂತ ನಾನು ಕೇಳಿದ್ನಾ?"

"ಬಾಯ್ಮುಚ್ಚು" ಎಂದ ಚಿತ್ರಕಥೆಗಾರ.

"ಮುಚ್ಚಿದೆ ಬಿಡಿ. ಡೈಲಾಗೂ ನಿಮ್ದೇ ಅಲ್ವಾ."

೪.
ಅಕ್ಕ ಸಿನಿಮಾ ನೋಡಿ ನೇರ ತಮ್ಮನ ಮನೆಗೆ ಬಂದಳು. ಬಾಗಿಲಲ್ಲೇ ನಿಂತಳು, ಚಪ್ಪಲಿ ಬಿಡಲಿಲ್ಲ.

"ಪಕ್ಕದ ಸೀಟಿನ ಹುಡುಗಿ ಬಿಕ್ಕಿ ಬಿಕ್ಕಿ ಅಳ್ತಿದ್ಳು ಕಣೋ. ಅವನಿಗೋಸ್ಕರ."

"ತಪ್ಪಾಯ್ತು ಅಕ್ಕಾ."

"ಅಂಥವನೊಬ್ಬ ನನ್ನ ಮಗಳನ್ನ ತಗೊಂಡ. ಉಳಿದಿದ್ದನ್ನ ನೀನೇ ಕೈಯಾರೆ ಕೊಟ್ಟೆ."

ನೆಲ ಬಾಯ್ಬಿಟ್ಟು ನುಂಗಬಾರದೇ ಅನ್ನಿಸಿತು ಅವನಿಗೆ. ಆದರೂ ಹುಟ್ಟುಗುಣ ಎಲ್ಲಿ ಹೋದೀತು? "ಅವಳ ಬಗ್ಗೇನೇ ಒಂದು ಬರೀತೀನಿ ಅಕ್ಕಾ. ಇನ್ನೇನೇನು ಮಾಡ್ತಿದ್ಳು, ಹೇಳು" ಎಂದ.

"ಹೇಳಲ್ಲ. ಹೇಳಿದ್ರೆ ಅದನ್ನೂ ಯಾರಿಗಾದ್ರೂ ಕೊಟ್ಬಿಡ್ತೀಯ."

೫. ಮುಕ್ತಾಯಗಳು
ಅ) ಅಕ್ಕ ಕ್ಷಮಿಸುತ್ತಾಳೆ. (ಸುಳ್ಳು. ಹೊಡೆದುಹಾಕಿದೆ.)

ಆ) ತಮ್ಮ ಬರೆಯುವುದನ್ನೇ ಬಿಡುತ್ತಾನೆ. (ಹಾಗಾದರೆ ನೀವು ಓದುತ್ತಿರುವುದು ಏನನ್ನು? ಹೌದು, ತಮ್ಮ ನಾನೇ. 'ಅವನು' ಎಂದದ್ದು ಮುಖ ಮುಚ್ಚಿಕೊಳ್ಳಲು.)

ಇ) ಅದೇ ಚಪ್ಪಲಿಯನ್ನು ಈಗ ಎರಡನೇ ಸಲ ಮಾರಿದ್ದೇನೆ. ಅದನ್ನು ಅಳಿಸಿ ಆ ಹುಡುಗಿಯದೇ ಬೇರೆ ಏನಾದರೂ ಹಾಕೋಣವೆಂದು ಬೆಳಗಿನಿಂದ ಕೂತಿದ್ದೇನೆ. ಅಕ್ಕನ ಮಗಳ ಬಗ್ಗೆ ನನಗೆ ಗೊತ್ತಿರುವುದು ಅದೊಂದೇ. ದೊರೆಯ ಬಗ್ಗೆ ಕೇಳಿ, ಎರಡೂವರೆ ಗಂಟೆ ಹೇಳುತ್ತೇನೆ.

ಈ) ಈ ಮುಕ್ತಾಯ ಅಕ್ಕನ ಹತ್ತಿರ ಇದೆ. ಅವಳು ಕೊಡುವುದಿಲ್ಲ. ಕೊಡಲೂಬಾರದು.